ನಾಯಿ ಮೈಯ ನಾತ, ಅಟ್ಟದ ಘಾಟು: ವಾಸನೆ ಓಡಿಸೋ ಕೆಮಿಸ್ಟ್ರಿ

ಅರಸೀಕೆರೆ, ಹಳೇಬೀಡು, ಬೇಲೂರು ಕಡೆಯ ಹೆಂಚಿನ ಮನೆಗಳಲ್ಲಿ ಮಳೆಗಾಲ ಬಂತೆಂದರೆ ಎರಡು ದೂರು ಕೇಳಿಬರುತ್ತವೆ. ಒಂದು, "ನಾಯಿ ರಾತ್ರಿ ಏನನ್ನೋ ಹಿಡಿದು ಬಂದಿದೆ, ಹತ್ರ ಸೇರಿಸೋಕಾಗ್ತಿಲ್ಲ." ಇನ್ನೊಂದು, "ಅಟ್ಟದಿಂದ ಏನೋ ಘಾಟು ಹೊಡೀತಿದೆ." ಪರಿಹಾರಕ್ಕೆ ಮೊಬೈಲ್‌ನಲ್ಲಿ ಹುಡುಕಿದರೆ ಸಿಗೋದೆಲ್ಲ ಅಮೆರಿಕದ ಸ್ಕಂಕ್ ಕಥೆ: ನಾಯಿಗೆ ಟೊಮ್ಯಾಟೊ ರಸ ಹಚ್ಚಿ, ಅದನ್ನು ಸುರಿಯಿರಿ, ಇದನ್ನು ಸಿಂಪಡಿಸಿ ಅಂತ. ನಮ್ಮಲ್ಲಿ ಸ್ಕಂಕ್ ಇಲ್ಲವೇ ಇಲ್ಲ. ಆದರೂ ಆ ಪ್ರಾಣಿಯಿಂದ ನಾವು ಕಲಿಯಬೇಕಾದ ಒಂದು ಪಾಠ ಇದೆ. ವಾಸನೆಯನ್ನು ಮುಚ್ಚೋಕೆ ಹೋಗಬಾರದು. ಅದು ಯಾವ ಅಣುವಿನದು ಅಂತ ತಿಳಿದುಕೊಂಡು ಆ ಅಣುವನ್ನೇ ಬದಲಾಯಿಸಬೇಕು, ಇಲ್ಲವೇ ಹೊರಹಾಕಬೇಕು.

ಮೊದಲು ಸ್ಕಂಕ್ ಪಾಠ

ಸ್ಕಂಕ್ ಉತ್ತರ ಅಮೆರಿಕದಲ್ಲಿ ಸಾಮಾನ್ಯವಾಗಿ ಕಾಣುವ, ಬೆಕ್ಕಿನ ಗಾತ್ರದ ಕಪ್ಪು-ಬಿಳುಪು ಪ್ರಾಣಿ. ಹೆದರಿದರೆ ಬಾಲದ ಬುಡದ ಗ್ರಂಥಿಗಳಿಂದ ಎಣ್ಣೆಯಂಥ ದ್ರವ ಚಿಮ್ಮಿಸುತ್ತದೆ. ಅದರಲ್ಲಿ ಮುಖ್ಯವಾಗಿ ಇರುವುದು ಥಯಾಲ್‌ಗಳು, ಅಂದರೆ ಗಂಧಕಕ್ಕೆ ಹೈಡ್ರೋಜನ್ ಅಂಟಿಕೊಂಡಿರುವ ಸಾವಯವ ಅಣುಗಳು. ಅಡುಗೆ ಗ್ಯಾಸ್‌ಗೆ ಬೆರೆಸುವ ಈಥೈಲ್ ಮರ್ಕಾಪ್ಟನ್ ಕೂಡ ಇದೇ ಕುಟುಂಬದ್ದು. ಗ್ಯಾಸ್‌ಗೆ ಸ್ವಂತ ವಾಸನೆ ಇಲ್ಲದಂತೆಯೇ ಇರುವುದರಿಂದ, ಸೋರಿದರೆ ಗೊತ್ತಾಗಲಿ ಅಂತ ಅದನ್ನು ಸೇರಿಸುತ್ತಾರೆ. ನೂರು ಕೋಟಿ ಭಾಗ ಗಾಳಿಯಲ್ಲಿ ಕೆಲವೇ ಭಾಗ ಥಯಾಲ್ ಇದ್ದರೂ ನಮ್ಮ ಮೂಗು ಹಿಡಿಯುತ್ತದೆ.

ಟೊಮ್ಯಾಟೊ ರಸ ಥಯಾಲ್‌ಗೆ ಏನೂ ಮಾಡುವುದಿಲ್ಲ. ಸ್ವಲ್ಪ ಹೊತ್ತಿಗೆ ಮೂಗು ಆ ನಾತಕ್ಕೆ ದಣಿದು, ಟೊಮ್ಯಾಟೊ ವಾಸನೆಯಷ್ಟೇ ತಿಳಿಯುತ್ತದೆ. ಹೊರಗಿನಿಂದ ಬಂದವರು ಮಾತ್ರ ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಾರೆ! ನಮ್ಮ ಸಾಂಬ್ರಾಣಿ, ಅಗರಬತ್ತಿ, ರೂಮ್ ಸ್ಪ್ರೇಗಳ ಹಣೆಬರಹವೂ ಇಷ್ಟೇ.

1993ರಲ್ಲಿ ಪಾಲ್ ಕ್ರೆಬಾಮ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞರು ಸೂಚಿಸಿದ ಮಿಶ್ರಣ 'ಕೆಮಿಕಲ್ ಅಂಡ್ ಎಂಜಿನಿಯರಿಂಗ್ ನ್ಯೂಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಬೇಕಾಗೋದು ಮೂರೇ ಸಾಮಾನು: ಹೈಡ್ರೋಜನ್ ಪೆರಾಕ್ಸೈಡ್, ಅಡುಗೆ ಸೋಡಾ, ಸ್ವಲ್ಪ ದ್ರವ ಸೋಪು. ಸೋಪು ಎಣ್ಣೆಯನ್ನು ಒಡೆದು ನೀರಿಗೆ ತರುತ್ತದೆ. ಸೋಡಾ ದ್ರಾವಣವನ್ನು ಸ್ವಲ್ಪ ಕ್ಷಾರೀಯ ಮಾಡುವುದರಿಂದ ಥಯಾಲ್ ಬೇಗ ಪ್ರತಿಕ್ರಿಯಿಸುತ್ತದೆ. ಪೆರಾಕ್ಸೈಡ್ ಆಕ್ಸಿಜನ್ ಕೊಟ್ಟು, ಥಯಾಲನ್ನು ಗಾಳಿಗೆ ಹಾರದ, ನೀರಿನಲ್ಲಿ ತೊಳೆದುಹೋಗುವ ಸಲ್ಫೋನೇಟ್ ಕಡೆಗೆ ತಳ್ಳುತ್ತದೆ. ವಾಸನೆ ಬರಬೇಕಾದರೆ ಅಣು ಹಾರಿಬಂದು ಮೂಗು ಮುಟ್ಟಬೇಕು ತಾನೇ? ಹಾರೋದೇ ನಿಂತರೆ ವಾಸನೆಯೂ ಇಲ್ಲ.

ನಮ್ಮೂರಿನ ಆರೋಪಿಗಳು

ಅರಸೀಕೆರೆ ಬಯಲು ಸೀಮೆಯ ತೆಂಗಿನ ನಾಡು. ಹಳೇಬೀಡು ಹಾದು ಬೇಲೂರು ದಾಟಿದರೆ ಮಲೆನಾಡಿನ ಸೆರಗು, ಕಾಫಿ ತೋಟ ಶುರು. ಈ ದಾರಿಯುದ್ದಕ್ಕೂ ಸ್ಕಂಕ್ ಜಾಗದಲ್ಲಿ ನಿಲ್ಲುವವರು ಮುಖ್ಯವಾಗಿ ಇಬ್ಬರು.

ಮೊದಲನೆಯದು ಸುಂಡಿಲಿ. ಮೂಗಿಲಿ ಅಂತಲೂ ಕರೆಯುತ್ತಾರೆ. ಗೋಡೆಯಂಚಿನಲ್ಲಿ ಚಿಚೀ ಅನ್ನುತ್ತಾ ಓಡುವ, ಚೂಪು ಮೂತಿಯ ಪ್ರಾಣಿ. ಹೆಸರಲ್ಲಿ ಇಲಿ ಇದ್ದರೂ ಇಲಿಯ ಜಾತಿಯದಲ್ಲ. ಜಿರಳೆ, ಹುಳಹುಪ್ಪಟೆ ತಿಂದು ನಮಗೆ ಉಪಕಾರವನ್ನೇ ಮಾಡುತ್ತದೆ. ಇದರ ಪಕ್ಕೆಗಳಲ್ಲಿ ಕಸ್ತೂರಿಯಂಥ ಘಾಟಿನ ಗ್ರಂಥಿಗಳಿವೆ. ನಾಯಿ, ಬೆಕ್ಕು ಇದನ್ನು ಕೊಂದರೂ ಎಷ್ಟೋ ಸಲ ತಿನ್ನದೆ ಬಿಡುವುದು ಅದಕ್ಕೇ.

ಎರಡನೆಯದು ಪುನುಗು ಬೆಕ್ಕು. ಹಗಲು ಅಟ್ಟದಲ್ಲೋ ಮರದ ಪೊಟರೆಯಲ್ಲೋ ಮಲಗಿ, ರಾತ್ರಿ ಹಣ್ಣು, ಇಲಿ, ಕಾಫಿ ಹಣ್ಣು ಹುಡುಕಿ ಹೊರಡುತ್ತದೆ. ಇದಕ್ಕೂ ಬಾಲದ ಬುಡದಲ್ಲಿ ಗ್ರಂಥಿಗಳಿವೆ. ನಾಯಿ ಅಡ್ಡಗಟ್ಟಿದರೆ ನಾತ ಬಿಡುತ್ತದೆ. ತಮಾಷೆ ನೋಡಿ, ಇದೇ ಕುಟುಂಬದ ಚಿಕ್ಕ ಪುನುಗಿನ ಬೆಕ್ಕಿನ ಸ್ರಾವ ಹನಿಯಷ್ಟಾದರೆ ಸುಗಂಧ. ತಿರುಮಲದಲ್ಲಿ ಮೂರ್ತಿಗೆ ಪುನುಗಿನ ತೈಲ ಲೇಪಿಸುವ ಪದ್ಧತಿ ಇದೆ. ಪುನುಗಿನ ಮುಖ್ಯ ಅಣು ಸಿವೆಟೋನ್, 17 ಕಾರ್ಬನ್‌ಗಳ ದೊಡ್ಡ ಉಂಗುರ. ಅದರ ರಚನೆಯನ್ನು 1926ರಲ್ಲಿ ತೋರಿಸಿದ ಲಿಯೋಪೋಲ್ಡ್ ರುಜಿಕಾ ಅವರಿಗೆ ಮುಂದೆ 1939ರ ನೊಬೆಲ್ ಬಂತು.

ಸಿವೆಟೋನ್ ಥಯಾಲ್ ಅಲ್ಲ, ಕೀಟೋನ್. ಆದ್ದರಿಂದ ಸ್ಕಂಕ್ ಔಷಧ ಅದರ ಮೇಲೆ ಅಷ್ಟು ಸುಲಭಕ್ಕೆ ನಡೆಯುವುದಿಲ್ಲ. ಎಣ್ಣೆಯ ಜೊತೆ ಅಂಟಿಕೂತ ಇಂಥ ಭಾರದ ಅಣುಗಳಿಗೆ ಸೋಪು, ಬಿಸಿಲು, ಗಾಳಿಯೇ ಮದ್ದು.

ನಾಯಿಗೆ ಏನು ಮಾಡೋದು?

ಮೊದಲು ಗಾಯ ನೋಡಿ. ಪುನುಗು ಬೆಕ್ಕಿನ ಜೊತೆ ಕಾದಾಡಿ ಕಚ್ಚಿಸಿಕೊಂಡಿದ್ದರೆ ವಾಸನೆ ಆಮೇಲಿನ ಮಾತು. ಯಾವ ಸಸ್ತನಿ ಕಚ್ಚಿದರೂ ರೇಬೀಸ್ ಭಯ ಇದ್ದೇ ಇದೆ. ಪಶುವೈದ್ಯರಿಗೆ ತೋರಿಸಲೇಬೇಕು. ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962. ಹಾಸನದಲ್ಲಂತೂ ಪಶುವೈದ್ಯಕೀಯ ಕಾಲೇಜೇ ಇದೆ. ಬಿಡಿಸೋಕೆ ಹೋಗಿ ನಿಮಗೇ ಪರಚಿದ್ದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ.

ಗಾಯ ಇಲ್ಲದಿದ್ದರೆ, ನಾಯಿಯನ್ನು ಒಳಗೆ ಬಿಡದೆ ಅಂಗಳದಲ್ಲೇ ಕಟ್ಟಿ. ನೀರು ಹುಯ್ಯುವ ಮುನ್ನ ಹಳೇ ಬಟ್ಟೆಯಿಂದ ಒಣಗಿದ್ದಂತೆಯೇ ಒರೆಸಿ. ಮೊದಲೇ ನೆನೆಸಿದರೆ ಎಣ್ಣೆ ಮೈತುಂಬಾ ಹರಡುತ್ತದೆ. ಸುಂಡಿಲಿ ಅಥವಾ ಪುನುಗಿನ ಘಾಟಾದರೆ ನಾಯಿ ಶಾಂಪೂ ಹಾಕಿ ಎರಡು ಸಲ ತೊಳೆದು ಬಿಸಿಲಿಗೆ ಬಿಡಿ. ಸುಂಡಿಲಿ ಕಚ್ಚಿದ ನಾಯಿಗೆ ಘಾಟು ಇರೋದು ಹೆಚ್ಚಾಗಿ ಮೂತಿಯಲ್ಲಿ. ಅಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ, ಕುಡಿಯೋಕೆ ನೀರಿಟ್ಟರೆ ಸಾಕು.

ಕೆರೆ ದಂಡೆಯ ಸತ್ತ ಮೀನಿನ ಮೇಲೋ, ಕೊಳೆತ ಇಲಿಯ ಮೇಲೋ ಹೊರಳಿ ಬಂದಿದ್ದರೆ ಮಾತು ಬೇರೆ. ಕೊಳೆತದ್ದರಲ್ಲಿ ಅಮೀನ್‌ಗಳ ಜೊತೆ ಗಂಧಕದ ಅಣುಗಳೂ ಇರುತ್ತವೆ. ಇಲ್ಲಿ ಕ್ರೆಬಾಮ್ ಮಿಶ್ರಣ ಕೆಲಸಕ್ಕೆ ಬರುತ್ತದೆ. ಅವರು ಹೇಳಿದ್ದು 3 ಶೇಕಡಾ ಪೆರಾಕ್ಸೈಡ್. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವುದು ಹೆಚ್ಚಾಗಿ 6 ಶೇಕಡಾ. ಬಾಟಲಿ ಮೇಲೆ '20 ವಾಲ್ಯೂಮ್' ಅಂತ ಇರುತ್ತದೆ, ಅಂದರೆ ಒಂದು ಲೀಟರ್ ದ್ರಾವಣ 20 ಲೀಟರ್ ಆಕ್ಸಿಜನ್ ಕೊಡಬಲ್ಲದು ಅಂತ. ಹಾಗಾಗಿ ಲೆಕ್ಕ ಹೀಗೆ:

- 6 ಶೇಕಡಾ ಪೆರಾಕ್ಸೈಡ್ ಅರ್ಧ ಲೀಟರ್, ನೀರು ಅರ್ಧ ಲೀಟರ್
- ಅಡುಗೆ ಸೋಡಾ ಸುಮಾರು 55 ಗ್ರಾಂ (ಬೇಕಿಂಗ್ ಪೌಡರ್ ಬೇಡ, ಬಟ್ಟೆ ಸೋಡಾ ಬೇಡವೇ ಬೇಡ)
- ಪಾತ್ರೆ ತೊಳೆಯುವ ದ್ರವ ಒಂದೆರಡು ಚಮಚ

ಅಗಲ ಬಾಯಿಯ ಬಕೆಟ್‌ನಲ್ಲಿ ಕಲಸಿ, ನೊರೆ ಏಳುತ್ತಿರುವಾಗಲೇ ಕೈಗವಸು ಹಾಕಿಕೊಂಡು ಹಚ್ಚಿ. 5 ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಕಣ್ಣು, ಬಾಯಿ, ಗಾಯಗಳ ಹತ್ತಿರ ಬೇಡ. ಕಪ್ಪು ನಾಯಿಯ ಕೂದಲು ಸ್ವಲ್ಪ ಕೆಂಚಾಗಬಹುದು. ಮಿಕ್ಕಿದ್ದನ್ನು ಬಾಟಲಿಗೆ ತುಂಬಿ ಮುಚ್ಚಳ ಹಾಕಿ ಇಡಲೇಬೇಡಿ. ಒಳಗೆ ಆಕ್ಸಿಜನ್ ಬಿಡುಗಡೆಯಾಗುತ್ತಲೇ ಇರುತ್ತದೆ, ಬಾಟಲಿ ಸಿಡಿಯುತ್ತದೆ. ಚೆಲ್ಲಿಬಿಡಿ.

ಅಟ್ಟದ ಸಮಾಚಾರ

ಅಟ್ಟದಲ್ಲಿ ಪುನುಗು ಬೆಕ್ಕು ಸೇರಿಕೊಂಡಿದ್ದರೆ ನಾವು ಮೂಸುವುದು ಬರೀ ಗ್ರಂಥಿಯ ಘಾಟಲ್ಲ, ಮೂತ್ರ, ಹಿಕ್ಕೆಯ ವಾಸನೆ ಕೂಡ. ಪ್ರಾಣಿಯನ್ನು ಹೊಡೆಯೋದು, ಬೋನಿಟ್ಟು ಹಿಡಿಯೋದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ರಕ್ಷಿತ ಪ್ರಾಣಿ. ತೊಂದರೆ ಜಾಸ್ತಿಯಾದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ನಾವೇ ಮಾಡಬಹುದಾದದ್ದು ದಾರಿ ಮುಚ್ಚುವ ಕೆಲಸ. ಅದು ಬಂದುಹೋಗುವ ಸಂದಿಯ ಬಳಿ ಸಂಜೆ ಒಂದಿಷ್ಟು ರಾಗಿಹಿಟ್ಟು ಉದುರಿಸಿಡಿ. ಹೊರಗೆ ಹೋದ ಹೆಜ್ಜೆ ಕಂಡ ಮೇಲೆ, ಒಳಗೆ ಮರಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಆ ರಾತ್ರಿಯೇ ಜಾಲರಿ ಹೊಡೆಯಿರಿ. ಹಗಲು ಮುಚ್ಚಿದರೆ ಪ್ರಾಣಿ ಒಳಗೇ ಸಿಕ್ಕಿ ಸಾಯುತ್ತದೆ, ಆಮೇಲಿನ ನಾತಕ್ಕೆ ಈ ಲೇಖನವೂ ಸಾಲದು. ಮನೆಗೆ ತಾಗಿದ ಕೊಂಬೆ ಕಡಿದರೆ ಇನ್ನೂ ಒಳ್ಳೆಯದು.

ಕ್ಲೀನ್ ಮಾಡುವಾಗ ಒಣಗಿದ್ದನ್ನು ಹಾಗೇ ಗುಡಿಸಬೇಡಿ, ಧೂಳು ಶ್ವಾಸಕ್ಕೆ ಹೋಗುತ್ತದೆ. ಸೋಪುನೀರು ಚಿಮುಕಿಸಿ, ಮಾಸ್ಕ್, ಗವಸು ಹಾಕಿ ತೆಗೆಯಿರಿ. ಅಟ್ಟದಲ್ಲಿ ಇಲಿಗಳೂ ಇದ್ದರೆ ಅವುಗಳ ಮೂತ್ರದಿಂದ ಇಲಿಜ್ವರ ಬರಬಹುದು.

ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾ ಅಮೋನಿಯ ಮಾಡುತ್ತವೆ. ಅಮೋನಿಯ ಕ್ಷಾರ, ಆದ್ದರಿಂದ ಅದಕ್ಕೆ ಆಮ್ಲ ಬೇಕು. ನೀರು ಬೆರೆಸಿದ ವಿನೆಗರ್‌ನಿಂದ ಒರೆಸಿದರೆ ಅದು ಹಾರದ ಲವಣವಾಗುತ್ತದೆ. (ರೆಡ್ ಆಕ್ಸೈಡ್ ನೆಲಕ್ಕೆ ಬೇಡ, ಸಿಮೆಂಟನ್ನು ಆಮ್ಲ ತಿನ್ನುತ್ತದೆ.) ಆ ಲವಣವನ್ನು ನೀರಿನಿಂದ ತೊಳೆದ ಮೇಲೆಯೇ ಸುಣ್ಣ ಬಳಿಯಿರಿ. ನೇರ ಸುಣ್ಣ ಹೊಡೆದರೆ ಏನಾಗುತ್ತೆ? ಪಿಯುಸಿ ಲ್ಯಾಬ್ ನೆನಪಿಸಿಕೊಳ್ಳಿ. ಅಮೋನಿಯಂ ಲವಣಕ್ಕೆ ಕ್ಷಾರ ಹಾಕಿದರೆ ಅಮೋನಿಯ ಮತ್ತೆ ಎದ್ದು ಬರುತ್ತದೆ. "ಸುಣ್ಣ ಹೊಡೆಸಿದ ದಿನವೇ ವಾಸನೆ ಜಾಸ್ತಿಯಾಯ್ತು" ಅನ್ನುವವರ ಮಾತಿನಲ್ಲಿ ಕೆಮಿಸ್ಟ್ರಿ ಸರಿಯಾಗಿಯೇ ಇದೆ.

ಕೊನೆಗೆ ಉಳಿಯುವ ಅಷ್ಟಿಷ್ಟು ಘಾಟಿಗೆ ತೆಂಗಿನ ಸೀಮೆಯ ಉತ್ತರವೇ ಇದೆ: ಚಿಪ್ಪಿನಿಂದ ಮಾಡಿದ ಆಕ್ಟಿವೇಟೆಡ್ ಕಾರ್ಬನ್. ಒಂದು ಗ್ರಾಂಗೆ ಸುಮಾರು 1000 ಚದರ ಮೀಟರ್ ಒಳಮೈ, ಅಂದರೆ ಎರಡು ಬ್ಯಾಸ್ಕೆಟ್‌ಬಾಲ್ ಕೋರ್ಟ್‌ಗಿಂತ ಹೆಚ್ಚು. ಹಾರಾಡುವ ಅಣುಗಳು ಅದರ ರಂಧ್ರಗಳಲ್ಲಿ ಅಂಟಿಕೊಳ್ಳುತ್ತವೆ. ಒಲೆಯ ಮಾಮೂಲಿ ಇದ್ದಿಲಿಗೆ ಈ ಶಕ್ತಿ ತುಂಬಾ ಕಮ್ಮಿ.

ಇವಿಷ್ಟು ಬೇಡವೇ ಬೇಡ

ಬ್ಲೀಚಿಂಗ್ ಪೌಡರನ್ನು ಟಾಯ್ಲೆಟ್ ಆಸಿಡ್ ಅಥವಾ ವಿನೆಗರ್ ಜೊತೆ ಸೇರಿಸಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಮೂತ್ರದ ಮೇಲೆ ಸುರಿದರೆ ಅಮೋನಿಯದೊಂದಿಗೆ ಸೇರಿ ಕ್ಲೋರಮೀನ್. ಗಾಳಿಯಾಡದ ಅಟ್ಟದಲ್ಲೋ ಬಚ್ಚಲಲ್ಲೋ ಎರಡೂ ಶ್ವಾಸಕೋಶ ಸುಡುತ್ತವೆ. ಅಟ್ಟಕ್ಕೆ ನುಸಿಗುಳಿಗೆ ಎಸೆಯಬೇಡಿ. ಉರುಳಿ ಬಿದ್ದದ್ದನ್ನು ನಾಯಿಯೋ ಮಗುವೋ ನುಂಗಿದರೆ ವಿಷ. ನಾಯಿ ಮೈಗೆ ಫಿನೈಲ್ ಹಾಕಬೇಡಿ. ಅದು ನೆಲಕ್ಕೆ ಇರೋದು. ಹಚ್ಚಿದ್ದನ್ನು ನಾಯಿ ನೆಕ್ಕುತ್ತದೆ.

ಇನ್ನೊಂದು ಮಾತು, ಇದು ನಾಯಿಗಿಂತ ನಮ್ಮ ಜೀವಕ್ಕೆ ಸಂಬಂಧಿಸಿದ್ದು. ಸ್ಕಂಕ್ ಅಣುವಿನ ನೆಂಟನನ್ನು ನಾವೇ ಸಿಲಿಂಡರ್‌ನಲ್ಲಿ ಮನೆಗೆ ತಂದಿಟ್ಟುಕೊಂಡಿದ್ದೇವೆ. ಅಡುಗೆಮನೆಯಲ್ಲಿ ಕೊಳೆತಂಥ ವಾಸನೆ ಬಂದಾಗ "ಯಾವುದೋ ಇಲಿ ಸತ್ತಿರಬೇಕು" ಅಂತ ಅಗರಬತ್ತಿ ಹಚ್ಚೋಕೆ ಕಡ್ಡಿ ಗೀರಬೇಡಿ. ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಶೇಖರವಾಗಿರುತ್ತದೆ. ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆಗೆಯಿರಿ, ಲೈಟ್ ಸ್ವಿಚ್ ಮುಟ್ಟಬೇಡಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಈ ರಜೆಗೆ ಊರಿಗೆ ಹೋದಾಗ ಅಜ್ಜಿಗೂ ಅಮ್ಮನಿಗೂ ಇದೊಂದನ್ನು ತಪ್ಪದೆ ಹೇಳಿ.