ರಾಲ್ಪಾ: ಟಿಬೆಟಿನ ಅಲೆಮಾರಿಗಳ ಡೋಲು ಕುಣಿತ

ರಾಲ್ಪಾ ಪೂರ್ವ ಟಿಬೆಟಿನ ಖಾಮ್ ಸೀಮೆಯಲ್ಲಿ ಬೆಳೆದ ಜನಪದ ಕುಣಿತ. ಹೆಂಗಸರ ಕೈಯಲ್ಲಿ ಡೋಲು, ಗಂಡಸರ ಕೈಯಲ್ಲಿ ಗಂಟೆ. ಡೋಲು ಕುಣಿತ ನಡೆಯುವಷ್ಟು ಹೊತ್ತು ತಾಳಕ್ಕೆಂದು ಬೇರೆ ಮೇಳ ಬೇಕಾಗುವುದಿಲ್ಲ, ಕುಣಿಯುವವರೇ ನುಡಿಸುವವರು.

ಕರ್ನಾಟಕದ ಓದುಗರು ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠದಲ್ಲಿ ಟಿಬೆಟನ್ ಹೊಸ ವರ್ಷವಾದ ಲೋಸಾರ್ ಸಮೀಪಿಸಿದಾಗ ಕಾಣಸಿಗುವ ಮುಖವಾಡದ ಕುಣಿತ 'ಛಾಮ್'. ಅದು ಭಿಕ್ಷುಗಳು ನಡೆಸುವ ಧಾರ್ಮಿಕ ವಿಧಿ. ರಾಲ್ಪಾ ಮಠದ ಹೊರಗೆ, ಹಳ್ಳಿಯ ಬಯಲಿನಲ್ಲಿ ಬೆಳೆದದ್ದು. ಮಠದ ಅಂಗಳದಲ್ಲಿ ಭಿಕ್ಷುಗಳು ನುಡಿಸುವ ವಾದ್ಯ ಇಲ್ಲಿ ಹೆಂಗಸರ ಕೈಗೆ ಬಂದಿದೆ. ಈ ಕಲೆಯ ನಿಜವಾದ ಹಿರಿಮೆ ಇರುವುದೇ ಇಲ್ಲಿ.

ರಾಲ್ಪಾ ಡೋಲು ದುಂಡಗಿನ ಮರದ ಚೌಕಟ್ಟಿಗೆ ಎರಡೂ ಕಡೆ ಚರ್ಮ ಬಿಗಿದು, ಕೆಳಗೆ ಹಿಡಿ ಜೋಡಿಸಿದ ವಾದ್ಯ. ಎಡಗೈಯಲ್ಲಿ ಅದನ್ನು ಎತ್ತಿ ಹಿಡಿದು, ಬಲಗೈಯಲ್ಲಿ ತುದಿ ಬಾಗಿದ ಕೋಲಿನಿಂದ ಹೊಡೆಯುತ್ತಾರೆ. ಕುಣಿತ ನಿಧಾನವಾಗಿ ಆರಂಭವಾಗುತ್ತದೆ. ಹೆಂಗಸರು ವೃತ್ತವಾಗಿ ಹೆಜ್ಜೆ ಹಾಕುತ್ತ ಡೋಲನ್ನು ಒಮ್ಮೆ ತಲೆಯ ಮೇಲೆ, ಒಮ್ಮೆ ಮಂಡಿಯ ಬಳಿ, ಮತ್ತೊಮ್ಮೆ ಬೆನ್ನ ಹಿಂದೆ ತಂದು ಬಡಿಯುತ್ತಾರೆ. ಲಯ ಏರಿದಂತೆ ಸುತ್ತುವ ವೇಗವೂ ಏರುತ್ತದೆ. ತಿರುಗುವಾಗಲೂ ಪೆಟ್ಟು ತಪ್ಪುವಂತಿಲ್ಲ.

ಗಂಡಸರು ಒಂದು ಕೈಯಲ್ಲಿ ಗಂಟೆ, ಇನ್ನೊಂದರಲ್ಲಿ ಯಾಕ್ ಬಾಲದ ಚಾಮರ ಹಿಡಿಯುತ್ತಾರೆ. ಸೊಂಟದ ಸುತ್ತ ಇಳಿಬಿದ್ದ ಹುರಿಗಳ ಜಾಲರಿ ಅವರು ಗಿರಕಿ ಹೊಡೆದಾಗ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಮೈಯನ್ನು ಬಹುಮಟ್ಟಿಗೆ ನೆಲಕ್ಕೆ ಸಮಾನಾಂತರವಾಗಿ ಚಾಚಿ, ಗಾಳಿಯಲ್ಲಿ ತಿರುಗುತ್ತ ವೃತ್ತವನ್ನು ಸುತ್ತುವ ನೆಗೆತ ಅವರ ಪಾಲಿನ ಅತಿ ಕಠಿಣ ಭಾಗ. ಗಾಳಿ ತೆಳುವಾಗಿರುವ ಎತ್ತರದ ನಾಡಿನಲ್ಲಿ ಇಷ್ಟು ದಮ್ಮು ಕಟ್ಟಿ ಕುಣಿಯಲು ಬಾಲ್ಯದಿಂದಲೇ ಸಾಧನೆ ಬೇಕು. ಆಟದ ನಡುವೆ ಹಾಡು, ಹಾಸ್ಯದ ಮಾತು, ಚಿಕ್ಕ ಪ್ರಹಸನ, ಕಸರತ್ತು ಕೂಡ ಬರುತ್ತವೆ.

ರಾಲ್ಪಾ ಕಲಾವಿದರು ತಮ್ಮ ಕಲೆಯ ಮೂಲವನ್ನು 11-12ನೆಯ ಶತಮಾನದ ಯೋಗಿ ಮಿಲರೇಪನಲ್ಲಿ ಕಾಣುತ್ತಾರೆ. ಹಿಮದ ಗುಹೆಗಳಲ್ಲಿ ತೆಳು ಹತ್ತಿಬಟ್ಟೆ ಉಟ್ಟು ಸಾಧನೆ ಮಾಡಿದ, ಉಪದೇಶವನ್ನು ಹಾಡುಗಳಲ್ಲಿ ಹೇಳಿದ ಸಂತ ಅವನು. ಈ ಸಂಬಂಧ ಪರಂಪರೆಯ ನಂಬಿಕೆ. ಅದನ್ನು ಇತಿಹಾಸವೆಂದೇ ಓದಬೇಕಿಲ್ಲ. ಆದರೂ ಊರೂರು ಸುತ್ತಿ, ಆಟ ತೋರಿಸಿ, ಕೊಟ್ಟ ಧಾನ್ಯ ಪಡೆದು ಬದುಕುತ್ತಿದ್ದ ಬಡ ಕುಟುಂಬಗಳು ಅಲೆಮಾರಿ ಹಾಡುಗಾರ ಸಂತನನ್ನು ತಮ್ಮ ಗುರುವೆಂದು ಆರಿಸಿಕೊಂಡದ್ದು ಅತ್ಯಂತ ಸಹಜ. ಹಳೆಯ ಸಮಾಜದಲ್ಲಿ ಅವರಿಗೆ ಭೂಮಿಯೂ ಇರಲಿಲ್ಲ, ಮರ್ಯಾದೆಯ ಸ್ಥಾನವೂ ಇರಲಿಲ್ಲ. ವಿದ್ಯೆ ಹೆತ್ತವರಿಂದ ಮಕ್ಕಳಿಗೆ, ಮನೆಯೊಳಗೇ ಹರಿದು ಬಂತು.

ಟಿಬೆಟಿನಲ್ಲಿ ಡೋಲು ಕುಣಿತ ಇದೊಂದೇ ಅಲ್ಲ. ಮಧ್ಯ ಟಿಬೆಟಿನ ಯಾರ್ಲುಂಗ್ ಕಣಿವೆಯ ಸುತ್ತ ದೊಡ್ಡ ಡೋಲನ್ನು ಸೊಂಟಕ್ಕೆ ಕಟ್ಟಿಕೊಂಡು ಗಂಡಸರು ಕುಣಿಯುವ 'ದ್ರೋ' ಇದೆ. 8ನೆಯ ಶತಮಾನದಲ್ಲಿ ಅರಸ ತ್ರಿಸೋಂಗ್ ದೇತ್ಸೆನ್ ಸಮ್ಯೆ ಮಠ ಕಟ್ಟಿಸಿದಾಗ ಈ ಕುಣಿತ ನಡೆಯಿತೆಂದು ಐತಿಹ್ಯ ಹೇಳುತ್ತದೆ.

20ನೆಯ ಶತಮಾನದ ನಡುಭಾಗದ ರಾಜಕೀಯ ಪಲ್ಲಟದ ನಂತರ ಅಲೆಮಾರಿ ಮೇಳಗಳ ಬದುಕು ಮುರಿಯಿತು. ರಾಲ್ಪಾ ಹೆಜ್ಜೆಗಳು ಸರ್ಕಾರಿ ನೃತ್ಯತಂಡಗಳ ರಂಗಕ್ಕೆ ಹೋದವು. ಆಟ ಚಿಕ್ಕದಾಯಿತು, ಹಾಸ್ಯ ಮತ್ತು ಪ್ರಹಸನದ ಭಾಗ ಹಿಂದೆ ಸರಿಯಿತು. 2006ರಲ್ಲಿ ಚೀನಾ ತನ್ನ ಮೊದಲ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ತೆಂಗ್‌ಚೆನ್ ಹಾಗೂ ನಾಗ್ಚು ಪ್ರದೇಶದ ರಾಲ್ಪಾಗಳನ್ನು ಸೇರಿಸಿತು. ಭಾರತದಲ್ಲಿ ಟಿಬೆಟಿನ ರಂಗಕಲೆಗಳನ್ನು ಕಾಯುವ ಕೆಲಸವನ್ನು ಹೊತ್ತದ್ದು, ದಲೈ ಲಾಮಾ ದೇಶಾಂತರ ಬಂದ 1959ರಲ್ಲೇ ಕಾಲಿಂಪಾಂಗ್‌ನಲ್ಲಿ ಆರಂಭವಾಗಿ ಧರ್ಮಶಾಲೆಗೆ ಸ್ಥಳಾಂತರಗೊಂಡ ಟಿಬೆಟನ್ ಪ್ರದರ್ಶನ ಕಲೆಗಳ ಸಂಸ್ಥೆ.

ಪಟ್ಟಿಯಲ್ಲಿ ಹೆಸರು ಸೇರಿದ್ದು ಒಳ್ಳೆಯದೇ. ಆದರೆ ರಾಲ್ಪಾ ಕಲೆಯನ್ನು ಶತಮಾನಗಳ ಕಾಲ ಉಳಿಸಿದವರು ಊರೂರು ಅಲೆದ ಆ ಹೆಸರಿಲ್ಲದ ಕುಟುಂಬಗಳು. ಅದರ ಮೊದಲ ಗೌರವ ಅವರಿಗೇ ಸಲ್ಲಬೇಕು.