ಪಾಚಿ ಮೇಯುವ ಮೀನುಗಳು

ಮಳೆಗಾಲ ಕಳೆದ ಮೇಲೆ ಊರ ಕೆರೆಯ ಸೋಪಾನಗಳನ್ನಾಗಲಿ, ದೇವಾಲಯದ ಕಲ್ಯಾಣಿಯ ಮೆಟ್ಟಿಲುಗಳನ್ನಾಗಲಿ ನೋಡಿದವರಿಗೆ ಪಾಚಿಯ ಪರಿಚಯ ಇದ್ದೇ ಇರುತ್ತದೆ. ನೀರು, ಬೆಳಕು, ಸ್ವಲ್ಪ ಸಾರ ಈ ಮೂರೂ ಒಂದೆಡೆ ಕೂಡಿದರೆ ಸಾಕು, ಯಾರೂ ಬಿತ್ತದೆ, ಯಾರೂ ಆರೈಕೆ ಮಾಡದೆ ಪಾಚಿ ತಾನಾಗಿ ಬೆಳೆಯುತ್ತದೆ. ಕಾಲಿಟ್ಟವರನ್ನು ಜಾರಿಸುವ ಈ ಹಸಿರು ಲೇಪವನ್ನು ಜನರು ಕೊಳೆಯೆಂದು ಹಳಿಯುವುದುಂಟು. ಆದರೆ ಅದೇ ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ನಿಂತು ನೋಡಿದರೆ, ಚಿಕ್ಕ ಮೀನುಗಳು ಕಲ್ಲಿಗೆ ಮೂತಿಯೊಡ್ಡಿ ಅದನ್ನು ಮೇಯುತ್ತಿರುವುದು ಕಾಣುತ್ತದೆ. ದನಕರುಗಳಿಗೆ ಹುಲ್ಲುಗಾವಲು ಹೇಗೋ ಆ ಮೀನುಗಳಿಗೆ ಪಾಚಿ ಹಾಗೆ.

ಮನೆಯಲ್ಲಿ ಮೀನು ಸಾಕುವ ಗಾಜಿನ ತೊಟ್ಟಿಯೂ ಒಂದು ಪುಟ್ಟ ಕೊಳವೇ. ಅದಕ್ಕೆ ಅಕ್ವೇರಿಯಂ ಎಂಬ ಹೆಸರು ರೂಢಿಯಲ್ಲಿದೆ. ಮರಳು ಹಾಸಿ, ನೀರು ತುಂಬಿ, ಮೀನು ಬಿಟ್ಟ ಕೆಲವು ವಾರಗಳಲ್ಲಿಯೇ ಗಾಜಿನ ಒಳಮೈ ಮಸುಕಾಗುತ್ತದೆ. ಕಲ್ಲುಗಳು ಹಸಿರು ಹೊದೆಯುತ್ತವೆ. ಆಗ ಮನೆಯವರಿಗೆ ಹೊಳೆಯುವ ಮೊದಲ ಉಪಾಯವೆಂದರೆ ಪಾಚಿ ತಿನ್ನುವ ಮೀನೊಂದನ್ನು ತಂದು ಬಿಡುವುದು. ಅಂಗಡಿಯವರೂ 'ಟ್ಯಾಂಕ್ ಕ್ಲೀನರ್' ಎಂಬ ಹೆಸರು ಹೇಳಿ ಕಪ್ಪು ಮರಿಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುತ್ತಾರೆ. ಆದರೆ ಮೀನು ಪೊರಕೆಯಂತಹ ಸಾಧನವಲ್ಲ. ಅದಕ್ಕೆ ಹಸಿವಿದೆ, ಬೆಳವಣಿಗೆಯಿದೆ, ತನ್ನದೇ ಆದ ಸ್ವಭಾವವಿದೆ. ಇವುಗಳನ್ನು ಅರಿಯದೆ ಮಾಡಿದ ಆಯ್ಕೆಯಿಂದ ಆ ಜೀವಕ್ಕೂ ಕೇಡು. ಕೆಲವೊಮ್ಮೆ ನಾಡಿನ ಕೆರೆ ನದಿಗಳಿಗೂ ಕೇಡು.

ತೊಟ್ಟಿಯ ಪಾಚಿಯನ್ನು ಜೀವಿಗಳಿಂದಲೇ ಹತೋಟಿಯಲ್ಲಿಡುವ ಆಲೋಚನೆ ಹೊಸದೇನೂ ಅಲ್ಲ. 1849ರಲ್ಲಿ ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್‌ಟನ್ ಎಂಬಾತನು ಎರಡು ಚಿನ್ನದ ಮೀನುಗಳನ್ನು ವ್ಯಾಲಿಸ್ನೇರಿಯಾ ಎಂಬ ಜಲಸಸ್ಯದೊಡನೆ ಗಾಜಿನ ಪಾತ್ರೆಯಲ್ಲಿಟ್ಟು ಪರೀಕ್ಷಿಸಿದನು. ಸಸ್ಯವು ಹೊರಬಿಟ್ಟ ಆಮ್ಲಜನಕದಿಂದ ಮೀನುಗಳು ಚೆನ್ನಾಗಿಯೇ ಇದ್ದವು. ಆದರೆ ಕ್ರಮೇಣ ಎಲೆಗಳು ಕೊಳೆತು ನೀರು ಕದಡಿತು. ಪಾತ್ರೆಯ ಒಳಮೈಗೆ ಹಸಿರು ಹಾವಸೆ ಕಟ್ಟಿತು. ಆಗ ಆತನು ಕೊಳದ ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತ ಎಲೆಗಳನ್ನೂ ಹಾವಸೆಯನ್ನೂ ತಿಂದು ನೀರನ್ನು ತಿಳಿಯಾಗಿಸಿದವು. ಅವುಗಳ ಮೊಟ್ಟೆಗಳು ಮೀನುಗಳಿಗೆ ಆಹಾರವಾದವು. ಒಂದರ ಕಸ ಇನ್ನೊಂದಕ್ಕೆ ರಸವಾಗುವ ಈ ಏರ್ಪಾಡನ್ನು ಆತನು 1850ರಲ್ಲಿ ಪ್ರಕಟಿಸಿದನು. ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸಕ್ಕೆ ಅದು ಒಂದು ಬುನಾದಿಯಾಯಿತು.

ಪಾಚಿಯನ್ನು ತಿನ್ನುವ ಮೀನನ್ನು ಹುಡುಕುವ ಮೊದಲು ಪಾಚಿ ಏಕೆ ಬೆಳೆಯುತ್ತದೆ ಎಂಬುದನ್ನು ತಿಳಿಯಬೇಕು. ಮೀನುಗಳು ವಿಸರ್ಜಿಸುವ ಅಮೋನಿಯ ವಿಷಕಾರಿಯಾದುದು. ಮರಳಿನಲ್ಲಿಯೂ ನೀರು ಸೋಸುವ ಫಿಲ್ಟರಿನಲ್ಲಿಯೂ ನೆಲೆಸುವ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೇಟು ಹೊಲದ ಬೆಳೆಗೆ ಹೇಗೆ ಗೊಬ್ಬರವೋ ತೊಟ್ಟಿಯ ಪಾಚಿಗೂ ಹಾಗೆಯೇ ಗೊಬ್ಬರ. ಮೀನುಗಳು ತಿನ್ನದೆ ಬಿಟ್ಟ ಆಹಾರವು ಕೊಳೆತಾಗ ಈ ಗೊಬ್ಬರ ಇನ್ನೂ ಹೆಚ್ಚುತ್ತದೆ. ಅದರ ಮೇಲೆ ಕಿಟಕಿಯ ಬಿಸಿಲು ನೇರವಾಗಿ ಬಿದ್ದರೆ, ಅಥವಾ ತೊಟ್ಟಿಯ ದೀಪ ಹಗಲಿರುಳೂ ಉರಿಯುತ್ತಿದ್ದರೆ, ಪಾಚಿಗೆ ಬೇರೇನು ಬೇಕು? ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಪಾಚಿ ತಿನ್ನಲೆಂದು ತಂದ ಮೀನೂ ಉಳಿದ ಮೀನುಗಳಂತೆಯೇ ಮಲವನ್ನು ವಿಸರ್ಜಿಸುತ್ತದೆ. ಬಾಯಿಂದ ಪಾಚಿಯನ್ನು ಕಳೆಯುತ್ತಲೇ ಮುಂದಿನ ಪಾಚಿಗೆ ಗೊಬ್ಬರವನ್ನೂ ಒದಗಿಸುತ್ತದೆ. ಆದುದರಿಂದ ಮೀನು ಸಹಾಯಕನಾಗಬಲ್ಲದೇ ಹೊರತು ಯಜಮಾನನು ಮಾಡಬೇಕಾದ ಕೆಲಸವನ್ನೆಲ್ಲ ಅದು ಮಾಡಲಾರದು.

ಪಾಚಿಯಲ್ಲಿಯೂ ಬಗೆಗಳಿವೆ. ಹೊಸ ತೊಟ್ಟಿಯಲ್ಲಿ ಮೊದಲು ಕಾಣಿಸಿಕೊಳ್ಳುವುದು ಡಯಾಟಮ್ ಎಂಬ ಸೂಕ್ಷ್ಮಜೀವಿಗಳ ಕಂದು ಲೇಪ. ಬೆರಳಿನಿಂದ ಒರೆಸಿದರೆ ಅದು ಹೋಗುತ್ತದೆ. ಆಮೇಲೆ ಗಾಜಿನ ಮೇಲೆ ತೆಳುವಾದ ಹಸಿರು ಲೇಪ, ಗಿಡಗಳ ನಡುವೆ ನೂಲಿನಂತಹ ಪಾಚಿ, ಎಲೆಯಂಚಿನಲ್ಲಿ ಕುಂಚದ ಕೂದಲಿನಂತಹ ಕಪ್ಪು ಪಾಚಿ ಬರಬಹುದು. ಕಪ್ಪಾಗಿ ಕಂಡರೂ ಈ ಕೊನೆಯದು ಸಸ್ಯಶಾಸ್ತ್ರದ ವಿಂಗಡಣೆಯಲ್ಲಿ ಕೆಂಪು ಪಾಚಿಯ ಗುಂಪಿಗೆ ಸೇರಿದುದು. ನೀರೇ ಹಸಿರಾಗಿ ಕಂಡರೆ ಆ ಪಾಚಿ ಕಣಕಣವಾಗಿ ತೇಲುತ್ತಿರುತ್ತದೆ. ಕಲ್ಲು ಗಾಜುಗಳನ್ನು ಹೆರೆದು ತಿನ್ನುವ ಮೀನಿಗೆ ಅದು ದಕ್ಕದು. ದುರ್ವಾಸನೆ ಬೀರುವ ನೀಲಿಹಸಿರು ಲೋಳೆಯಂತೂ ನಿಜವಾದ ಪಾಚಿಯೇ ಅಲ್ಲ, ಅದು ಒಂದು ಬಗೆಯ ಬ್ಯಾಕ್ಟೀರಿಯ. ಅದನ್ನು ಮೀನುಗಳು ಮೂಸಿಯೂ ನೋಡುವುದಿಲ್ಲ.

ಹೀಗಿರುವಾಗ ಮೀನನ್ನು ಕೊಳ್ಳುವವರು ನಾಲ್ಕು ಪ್ರಶ್ನೆಗಳಿಗೆ ಉತ್ತರ ತಿಳಿದಿರಬೇಕು. ಬೆಳೆದ ಮೇಲೆ ಈ ಮೀನು ಎಷ್ಟು ಉದ್ದವಾಗುತ್ತದೆ? ತೊಟ್ಟಿಯಲ್ಲಿರುವ ಪಾಚಿಯನ್ನು ಇದು ತಿನ್ನುತ್ತದೆಯೆ, ದೊಡ್ಡದಾದ ಮೇಲೂ ತಿನ್ನುತ್ತದೆಯೆ? ಉಳಿದ ಮೀನುಗಳೊಡನೆ ಹೊಂದಿಕೊಂಡು ಬಾಳುತ್ತದೆಯೆ? ಪಾಚಿ ಮುಗಿದ ದಿನ ಇದರ ಹೊಟ್ಟೆಗೆ ಏನು?

ಸಣ್ಣ ತೊಟ್ಟಿಗಳಿಗೆ ಒಪ್ಪುವ ಮೀನುಗಳಲ್ಲಿ ಆಟೊಸಿಂಕ್ಲಸ್ ಮುಖ್ಯವಾದುದು. ದಕ್ಷಿಣ ಅಮೆರಿಕದ ನದಿಗಳ ಈ ಮೀನು ಬೆಳೆದರೂ 4-5 ಸೆಂಟಿಮೀಟರ್ ಮೀರುವುದಿಲ್ಲ. ಕಂದು ಲೇಪವನ್ನೂ ತೆಳುವಾದ ಹಸಿರು ಲೇಪವನ್ನೂ ಇದು ಚೊಕ್ಕವಾಗಿ ಮೇಯುತ್ತದೆ. ಗಿಡದ ಎಲೆಗಳಿಗೆ ಹಾನಿ ಮಾಡುವುದಿಲ್ಲ. ಆದರೆ ಇದು ಒಂಟಿಯಾಗಿ ಬಾಳುವ ಮೀನಲ್ಲ, ಐದಾರನ್ನು ಒಟ್ಟಿಗೆ ಸಾಕಬೇಕು. ಹೊಸ ತೊಟ್ಟಿಯಲ್ಲಿ ಇದಕ್ಕೆ ಸಾಕಷ್ಟು ಮೇವು ಇರುವುದಿಲ್ಲ. ಅಲ್ಲಿ ಬಿಟ್ಟರೆ ಹಸಿವಿನಿಂದಲೇ ಸಾಯುವುದುಂಟು. ಕೆಲವು ತಿಂಗಳು ಕಳೆದು ಹದಗೊಂಡ ತೊಟ್ಟಿಯೇ ಇದಕ್ಕೆ ತಕ್ಕ ನೆಲೆ.

ಸುಮಾರು ನೂರು ಲೀಟರ್ ನೀರು ಹಿಡಿಯುವ ತೊಟ್ಟಿಗೆ ಬಿರುಗೂದಲ ಪ್ಲೆಕೊ ಒಳ್ಳೆಯ ಆಯ್ಕೆ. ಇದರ ಶಾಸ್ತ್ರೀಯ ಹೆಸರು ಆನ್‌ಸಿಸ್ಟ್ರಸ್. ಗಂಡು ಮೀನಿನ ಮೂತಿಯ ಮೇಲೆ ಕವಲೊಡೆದ ಕುಚ್ಚುಗಳಿರುವುದರಿಂದ ಈ ಹೆಸರು ಬಂದಿದೆ. ಇದು 12-15 ಸೆಂಟಿಮೀಟರಿಗೆ ನಿಲ್ಲುತ್ತದೆ. ತುಟಿಗಳನ್ನು ಗಾಜಿಗೆ ಒತ್ತಿ ಹಿಡಿದು ಸಣ್ಣ ಹಲ್ಲುಗಳಿಂದ ಹೆರೆದು ತಿನ್ನುತ್ತದೆ. ಹಗಲಿನಲ್ಲಿ ಅಡಗಿಕೊಳ್ಳಲು ಒಂದು ಪೊಟರೆಯನ್ನೂ ಹೆರೆಯಲು ಮರದ ತುಂಡನ್ನೂ ಇದಕ್ಕೆ ಒದಗಿಸಬೇಕು.

ನೂಲು ಪಾಚಿಗೂ ಕಪ್ಪು ಕುಂಚದ ಪಾಚಿಗೂ ಹೆಸರಾದ ಮೀನೆಂದರೆ ಸಯಾಮಿ ಪಾಚಿಮೀನು. ಥಾಯ್‌ಲೆಂಡ್ ಮೊದಲಾದ ಆಗ್ನೇಯ ಏಷ್ಯದ ದೇಶಗಳು ಇದರ ತವರು. ಸುಮಾರು 15 ಸೆಂಟಿಮೀಟರ್ ಬೆಳೆಯುವ, ಚುರುಕಾಗಿ ಈಜುವ ಮೀನಿದು. ತೊಟ್ಟಿಯಿಂದ ಹೊರಕ್ಕೆ ನೆಗೆಯುವುದೂ ಉಂಟು. ಆದಕಾರಣ ಮುಚ್ಚಳ ಅವಶ್ಯಕ. ಇದನ್ನೇ ಹೋಲುವ ಬೇರೆ ಮೀನುಗಳು ಇದೇ ಹೆಸರಿನಲ್ಲಿ ಮಾರಾಟವಾಗುವುದರಿಂದ ಗುರುತನ್ನು ತಿಳಿದಿರಬೇಕು: ಇದರ ಮೈಮೇಲಿನ ಕಪ್ಪು ಪಟ್ಟೆಯು ಬಾಲದ ರೆಕ್ಕೆಯ ತುದಿಯವರೆಗೂ ಸಾಗುತ್ತದೆ, ಉಳಿದ ರೆಕ್ಕೆಗಳು ಬಣ್ಣವಿಲ್ಲದೆ ಪಾರದರ್ಶಕವಾಗಿರುತ್ತವೆ. ಇನ್ನು ಎಲ್ಲೆಡೆ ಸುಲಭವಾಗಿ ಸಿಗುವ ಮಾಲಿ ಮೀನುಗಳೂ ನೂಲು ಪಾಚಿಯನ್ನು ಕಚ್ಚಿ ಕಚ್ಚಿ ತಿನ್ನುತ್ತವೆ. ಆದರೆ ಇವು ಮರಿ ಹಾಕುವ ಮೀನುಗಳಾದುದರಿಂದ ಬಹುಬೇಗ ಸಂಖ್ಯೆಯಲ್ಲಿ ಹೆಚ್ಚುತ್ತವೆ.

ಹೆಸರನ್ನು ನಂಬಿ ಮೋಸಹೋಗುವುದಕ್ಕೆ 'ಚೀನೀ ಪಾಚಿಮೀನು' ಒಂದು ನಿದರ್ಶನ. ಹೆಸರಿನಲ್ಲಿ ಚೀನಾ ಇದ್ದರೂ ಇದರ ನೆಲೆ ಮೆಕಾಂಗ್, ಚಾವೊ ಫ್ರಾಯಾ ಮೊದಲಾದ ಆಗ್ನೇಯ ಏಷ್ಯದ ನದಿಗಳು. ಸಾಮಾನ್ಯವಾಗಿ ಮೀನುಗಳು ಬಾಯಿಂದ ನೀರನ್ನು ಒಳಗೆಳೆದು ಕಿವಿರಿನಿಂದ ಹೊರಬಿಡುತ್ತವೆ. ಈ ಮೀನಿಗಾದರೋ ಕಿವಿರಿನ ಮೇಲ್ಭಾಗದಲ್ಲಿ ನೀರನ್ನೆಳೆಯುವ ಇನ್ನೊಂದು ರಂಧ್ರವಿದೆ. ಹೀಗಾಗಿ ಬಾಯನ್ನು ಕಲ್ಲಿನಿಂದ ಬಿಡಿಸದೆಯೇ ಇದು ಉಸಿರಾಡಬಲ್ಲದು. ಮರಿಯಾಗಿದ್ದಾಗ ಪಾಚಿಯನ್ನು ಚೆನ್ನಾಗಿ ತಿನ್ನುತ್ತದೆ. ದೊಡ್ಡದಾದಂತೆ ಪಾಚಿಯಲ್ಲಿ ಆಸಕ್ತಿ ಕಳೆದುಕೊಂಡು ಜಗಳಗಂಟಿಯಾಗುತ್ತದೆ; ನಿಧಾನವಾಗಿ ಈಜುವ ಅಗಲ ಮೈಯ ಮೀನುಗಳಿಗೆ ಅಂಟಿಕೊಂಡು ಅವುಗಳ ಮೈಲೋಳೆಯನ್ನು ಹೆರೆಯುತ್ತದೆ. 25 ಸೆಂಟಿಮೀಟರಿಗೂ ಮಿಗಿಲಾಗಿ ಬೆಳೆಯುವ ಈ ಮೀನು ಮನೆಯ ತೊಟ್ಟಿಗೆ ತಕ್ಕುದಲ್ಲ.

ಅಂಗಡಿಗಳಲ್ಲಿ 'ಟ್ಯಾಂಕ್ ಕ್ಲೀನರ್' ಎಂದೂ 'ಸಕ್ಕರ್' ಎಂದೂ ಮಾರುವ ಸಾಮಾನ್ಯ ಪ್ಲೆಕೊ ಮೀನಿನ ಕಥೆ ಇನ್ನೂ ಗಂಭೀರವಾದುದು. ಕೊಳ್ಳುವಾಗ ಅದು ಕಿರುಬೆರಳಿನ ಉದ್ದದ ಮರಿ. ಬೆಳೆದಾಗ 40-50 ಸೆಂಟಿಮೀಟರ್ ತಲಪಬಲ್ಲದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಮೀನು ಅರಿಯದು. ಅದನ್ನು ಅರಿಯಬೇಕಾದವರು ಸಾಕುವವರು. ತೊಟ್ಟಿ ಸಾಲದಾದಾಗ, ಕೊಲ್ಲಲೂ ಮನಸ್ಸಿಲ್ಲದೆ, ಕೆಲವರು ಅದನ್ನು ಹತ್ತಿರದ ಕೆರೆಗೋ ಹೊಳೆಗೋ ಬಿಟ್ಟು ಬರುತ್ತಾರೆ. ಪುಣ್ಯದ ಕೆಲಸವೆಂದು ತೋರುವ ಈ ಕೃತ್ಯದ ಪರಿಣಾಮ ವಿಪರೀತವಾದುದು. ಇದರ ಮೈಮೇಲಿನ ಎಲುಬಿನ ಕವಚವನ್ನು ಭೇದಿಸಿ ತಿನ್ನಬಲ್ಲ ಪ್ರಾಣಿಗಳು ಕಡಮೆ. ನೀರಿನಲ್ಲಿ ಆಮ್ಲಜನಕ ಕುಂದಿದರೆ ಇದು ಮೇಲೆ ಬಂದು ಗಾಳಿಯನ್ನು ನುಂಗಿ ಜಠರದ ಮೂಲಕವೇ ಉಸಿರಾಡುತ್ತದೆ. ದಡದಲ್ಲಿ ಬಿಲ ಕೊರೆದು ಮೊಟ್ಟೆಯಿಡುವುದರಿಂದ ಮಣ್ಣು ಕುಸಿಯುತ್ತದೆ. ನಾಡಿನ ಮೀನುಗಳ ಮೇವಿಗೆ ಪಾಲುಗಾರನಾಗುವುದಲ್ಲದೆ, ಬಲೆಗೆ ಬಿದ್ದಾಗ ಮುಳ್ಳುಗಳಿಂದ ಬಲೆಯನ್ನೇ ಹರಿಯುತ್ತದೆ. ಮೆಕ್ಸಿಕೊ ದೇಶದ ಇನ್‌ಫಿಯೆರ್ನಿಯೊ ಜಲಾಶಯದ ಮೀನುಗಾರರು ಇದರಿಂದ ಭಾರಿ ನಷ್ಟ ಅನುಭವಿಸಿದರು. ಭಾರತದಲ್ಲಿಯೂ ಕೇರಳ, ತಮಿಳುನಾಡು, ಆಂಧ್ರಪ್ರದೇಶಗಳ ನೀರಿನಲ್ಲಿ, ಕೊಲ್ಕತ್ತದ ಪೂರ್ವದ ಜೌಗುಪ್ರದೇಶದ ಮೀನುಕೆರೆಗಳಲ್ಲಿ ಈ ಮೀನು ನೆಲೆಯೂರಿದೆ. ಅಮೆಜಾನಿನ ಬಳಗದ ಮೀನು ನಮ್ಮ ನಾಡಿನ ನೀರಿಗೆ ತಾನಾಗಿ ಈಜಿ ಬರಲಿಲ್ಲ. ಮನುಷ್ಯರೇ ಅದನ್ನು ತಂದರು. ಸಾಕಲಾರದ ಮೀನನ್ನು ಕೊಂಡ ಅಂಗಡಿಗೋ, ದೊಡ್ಡ ತೊಟ್ಟಿಯುಳ್ಳವರಿಗೋ ಕೊಡಬೇಕೇ ವಿನಾ ಕೆರೆಗೆ ಬಿಡಲೇಬಾರದು.

ಹೊಳೆಯ ಮೀನನ್ನು ಹಿಡಿದು ತರುವುದೂ ಸರಿಯಲ್ಲ. ಪಶ್ಚಿಮ ಘಟ್ಟದ ತೊರೆಗಳಲ್ಲಿ ಗಾರಾ ಎಂಬ ಕುಲದ ಮೀನುಗಳಿವೆ. ಬಾಯಿಯ ಕೆಳಗಿನ ಬಿಲ್ಲೆಯಂತಹ ಅಂಗದಿಂದ ಬಂಡೆಗಳಿಗೆ ಅಂಟಿಕೊಂಡು, ರಭಸದ ಪ್ರವಾಹದಲ್ಲಿಯೂ ಕದಲದೆ ಪಾಚಿಯನ್ನು ಮೇಯುತ್ತವೆ. ತಂಪಾದ, ಆಮ್ಲಜನಕ ತುಂಬಿದ ಹರಿಯುವ ನೀರಿಗೆ ಒಗ್ಗಿದ ಅವುಗಳಿಗೆ ಮನೆಯ ನಿಂತ ನೀರು ಸೆರೆಮನೆಯೇ ಸರಿ. ಅಲ್ಲಿ ಅವು ಮಾಡುವ ಕೆಲಸ ತೊರೆಗೆ ಬೇಕಾದುದು.

ಸರಿಯಾದ ಮೀನನ್ನು ಆರಿಸಿದ ಮೇಲೂ ಸಾಕುವವರ ಹೊಣೆ ಮುಗಿಯದು. ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಯುವಷ್ಟೇ ಆಹಾರ ಹಾಕುವುದು, ದೀಪವನ್ನು ದಿನಕ್ಕೆ ಆರರಿಂದ ಎಂಟು ಗಂಟೆಗಳಿಗೆ ಮಿತಗೊಳಿಸುವುದು, ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರನ್ನು ಬದಲಿಸಿ, ಕ್ಲೋರಿನ್ ಕಳೆದ ನೀರನ್ನು ತುಂಬುವುದು, ಇವು ಮೂರು ಮುಖ್ಯ ನಿಯಮಗಳು. ಪಾಚಿ ಕಡಮೆಯಾದಾಗ ಬೇಯಿಸಿ ಆರಿಸಿದ ಪಾಲಕ್ ಸೊಪ್ಪನ್ನೋ ಸೌತೆಕಾಯಿಯ ಹೋಳನ್ನೋ ಪಾಚಿ ಮೇಯುವ ಮೀನಿಗೆ ಕೊಡಬೇಕು; ಉಳಿದುದನ್ನು ಮರುದಿನವೇ ತೆಗೆಯಬೇಕು. ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಎಂಬ ಗಾದೆ ಈ ಕೆಲಸಕ್ಕೂ ಸಲ್ಲುತ್ತದೆ. ಗಾಜಿಗೆ ಗಟ್ಟಿಯಾಗಿ ಹತ್ತಿದ ಹಸಿರು ಚುಕ್ಕೆಗಳನ್ನು ಮನುಷ್ಯನ ಕೈಯೇ ಉಜ್ಜಿ ತೆಗೆಯಬೇಕು.

ಅನುಭವಸ್ಥರಾದ ಮೀನುಸಾಕಣೆಗಾರರು ತೊಟ್ಟಿಯ ಮುಂದಿನ ಗಾಜನ್ನು ಮಾತ್ರ ಒರೆಸುತ್ತಾರೆ. ಹಿಂದಿನ ಗಾಜಿನ ಮೇಲಿನ ತೆಳು ಹಸಿರನ್ನು ಹಾಗೆಯೇ ಬಿಡುತ್ತಾರೆ. ಅದು ಮೀನಿನ ಮೇವು.