ಕಾಣದ ಬೆಂಕಿ

ಉತ್ತರದ ಬೈಂದೂರಿನಿಂದ ಕುಂದಾಪುರವನ್ನು ಹಾದು ದಕ್ಷಿಣದ ಬ್ರಹ್ಮಾವರದವರೆಗೆ ಹಬ್ಬಿರುವ ಕರಾವಳಿಯ ಹಳೆಯ ಮನೆಗಳಲ್ಲಿ ಬಚ್ಚಲುಮನೆಗೆ ವಿಶೇಷವಾದ ಸ್ಥಾನವಿತ್ತು. ಅಲ್ಲಿಯ ಒಲೆಯ ಮೇಲೆ ತಾಮ್ರದ ಹಂಡೆ; ಅದರ ಕೆಳಗೆ ತೆಂಗಿನ ಮಡಲು, ಸಿಪ್ಪೆ, ತರಗೆಲೆಗಳ ಉರಿ. ನಾಟಿಯ ಗದ್ದೆಯಿಂದ ಮಳೆಯಲ್ಲಿ ನೆನೆದು ಬಂದವರಿಗೆ ಆ ಬಿಸಿನೀರಿಗಿಂತ ಮಿಗಿಲಾದ ಉಪಚಾರವಿರಲಿಲ್ಲ. ಒಲೆಯ ಬೆಂಕಿಯೂ ಅಪಾಯಕಾರಿಯೇ. ಆದರೆ ಅದಕ್ಕೊಂದು ಒಳ್ಳೆಯ ಗುಣವಿತ್ತು: ಅದು ಕಣ್ಣಿಗೆ ಕಾಣುತ್ತಿತ್ತು. ಹತ್ತಿರ ಹೋದ ಮಗು ಬಿಸಿ ತಾಗಿದೊಡನೆ ತಾನಾಗಿಯೇ ಹಿಂದೆ ಸರಿಯುತ್ತಿತ್ತು.

ಇಂದು ಅನೇಕ ಮನೆಗಳಲ್ಲಿ ಹಂಡೆಯೊಲೆಯ ಕೆಲಸವನ್ನು ವಿದ್ಯುತ್ ಗೀಸರು ಮಾಡುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು ಕ್ರಮೇಣ ನಾಡಿನ ಮೂಲೆಮೂಲೆಗೂ ತಲುಪಿತು. 1989ರಲ್ಲಿ ಕುಂದಾಪುರ ಸೀಮೆಯ ಹೊಸಂಗಡಿಯ ಬಳಿ, ನೆಲದೊಳಗೆ ಕೊರೆದು ಕಟ್ಟಿದ ವಾರಾಹಿ ವಿದ್ಯುದಾಗಾರವು ಕಾರ್ಯಾರಂಭ ಮಾಡಿತು. ಇಂದು ಅದರ ಸಾಮರ್ಥ್ಯ 460 ಮೆಗಾವಾಟ್. ಇಂತಹ ಮಹಾಶಕ್ತಿಯು ಮನೆಯೊಳಗೆ ಬರುವಾಗ 230 ವೋಲ್ಟಿಗೆ ಇಳಿದಿರುತ್ತದೆ. ಆದರೆ ಅದಕ್ಕೆ ಬಣ್ಣವಿಲ್ಲ, ಹೊಗೆಯಿಲ್ಲ. ವಿದ್ಯುತ್ತು ತಾನಾಗಿ ಎಚ್ಚರಿಕೆ ಕೊಡದು. ಆದುದರಿಂದ ತಂತಿ ಎಳೆಯುವಾಗಲೇ ಅದರ ಹಾದಿಯಲ್ಲಿ ಕಾವಲುಗಳನ್ನು ಇರಿಸಬೇಕು.

ಮೊದಲನೆಯ ಕಾವಲು ತಂತಿಯ ಗಾತ್ರ. 2000 ವಾಟಿನ ಗೀಸರು ಸುಮಾರು 8.7 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ದೀಪ, ರೇಡಿಯೊಗಳಿಗೆಂದು ಇರುವ ಸಣ್ಣ ಸಾಕೆಟ್ಟಿನ ಮಿತಿ 6 ಆಂಪಿಯರ್ ಮಾತ್ರ. ಪ್ರವಾಹವು ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖವು ನಾಲ್ಕು ಪಟ್ಟಾಗುತ್ತದೆ. ಒಣಗಿದ ಪಕ್ಕಾಸುಗಳ ಮೇಲೆ ಹಂಚು ಹೊದಿಸಿದ ಮನೆಯಲ್ಲಿ ಹೀಗೆ ಕಾದ ತಂತಿಯು ಏನು ಮಾಡಬಲ್ಲದೆಂಬುದನ್ನು ಊಹಿಸುವುದು ಕಷ್ಟವಲ್ಲ. ಗೀಸರಿಗೆ ಕನಿಷ್ಠ 2.5 ಚದರ ಮಿಲಿಮೀಟರ್ ಗಾತ್ರದ ತಾಮ್ರದ ತಂತಿಯೂ 16 ಆಂಪಿಯರಿನ ಸಾಕೆಟ್ಟೂ ಪ್ರತ್ಯೇಕವಾಗಿ ಇರಬೇಕು.

ಎರಡನೆಯದು ಫ್ಯೂಸು. ಪ್ರವಾಹವು ಮಿತಿ ಮೀರಿದಾಗ ತಾನು ಕರಗಿ ಮನೆಯನ್ನು ಉಳಿಸುವುದೇ ಅದರ ಧರ್ಮ. ಪದೇಪದೇ ಹೋಗುತ್ತದೆಂದು ಬೇಸತ್ತು ಅಲ್ಲಿ ದಪ್ಪ ತಂತಿಯನ್ನು ಕಟ್ಟುವುದು, ಬೊಗಳುತ್ತದೆಂದು ಕಾವಲು ನಾಯಿಯ ಬಾಯಿ ಕಟ್ಟಿದಂತೆ. ಫ್ಯೂಸೂ ಸ್ವಿಚ್ಚೂ ಫೇಸ್ ತಂತಿಯಲ್ಲಿಯೇ ಇರಬೇಕು. ಸ್ವಿಚ್ಚನ್ನು ನ್ಯೂಟ್ರಲ್ ತಂತಿಗೆ ಜೋಡಿಸಿದರೆ ಅದನ್ನು ಆರಿಸಿದ ಮೇಲೂ ಉಪಕರಣದೊಳಗೆ ವಿದ್ಯುತ್ತು ಹೊಂಚು ಹಾಕಿಕೊಂಡೇ ಇರುತ್ತದೆ.

ಮೂರನೆಯದು ಜನರು ‘ಅರ್ಥಿಂಗ್’ ಎಂದು ಕರೆಯುವ ಭೂಸಂಪರ್ಕ. ಹಸಿರು ಬಣ್ಣದ ಈ ತಂತಿಯಿಲ್ಲದೆಯೂ ದೀಪ ಉರಿಯುತ್ತದೆ, ನೀರು ಕಾಯುತ್ತದೆ. ಅದು ಕೆಲಸವಿಲ್ಲದ ತಂತಿಯಂತೆ ತೋರುವುದರಿಂದಲೇ ಅಲಕ್ಷ್ಯಕ್ಕೆ ಗುರಿಯಾಗುತ್ತದೆ. ಗೀಸರಿನೊಳಗಿನ ತಂತಿಯ ಹೊದಿಕೆ ಸವೆದು ಲೋಹದ ಕವಚಕ್ಕೆ ತಾಗಿದ ದಿನ ಅದರ ಬೆಲೆ ತಿಳಿಯುತ್ತದೆ. ಆ ವಿದ್ಯುತ್ತಿಗೆ ನೆಲ ಸೇರಲು ಸುಲಭವಾದ ಹಾದಿಯನ್ನು ಈ ತಂತಿ ಒದಗಿಸುತ್ತದೆ. ಅದಿಲ್ಲದಿದ್ದರೆ ಒದ್ದೆ ನೆಲದ ಮೇಲೆ ನಿಂತವನ ದೇಹವೇ ಹಾದಿಯಾಗುತ್ತದೆ. ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಉದ್ದವಾಗಿ ಮಾಡಿರುವುದು, ಉಳಿದೆರಡಕ್ಕಿಂತ ಮೊದಲು ಭೂಸಂಪರ್ಕ ಉಂಟಾಗಲೆಂದೇ. ಅದನ್ನು ಮುರಿದು ಎರಡು ತೂತುಗಳ ಸಾಕೆಟ್ಟಿಗೆ ತುರುಕುವವರಿಗೆ ಈ ಮರ್ಮ ತಿಳಿದಿರುವುದಿಲ್ಲ. ಅರ್ಥ್ ತಂತಿಯನ್ನು ನೀರಿನ ಕೊಳವೆಗೆ ಸುತ್ತುವುದೂ ತಪ್ಪು. ಆಗ ಮನೆಯ ಪ್ರತಿಯೊಂದು ಲೋಹದ ನಲ್ಲಿಗೂ ವಿದ್ಯುತ್ತು ಹರಿಯಬಹುದು.

ಕರಾವಳಿಯ ನೆಲದಲ್ಲಿ ಇನ್ನೊಂದು ತೊಡಕುಂಟು. ಮಳೆಗಾಲದಲ್ಲಿ ಮುರಕಲ್ಲಿನ ಗೋಡೆಗಳು ನೀರು ಕುಡಿದು ತಂತಿಯ ದೋಷಗಳನ್ನು ಹೆಚ್ಚಿಸುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಅದೇ ಮುರಕಲ್ಲಿನ ನೆಲವು ಒಣಗಿ ವಿದ್ಯುತ್ತಿನ ಹರಿವನ್ನು ತಡೆಯುತ್ತದೆ. ಮಣ್ಣಿನ ಹಾದಿಯ ರೋಧವು 20 ಓಮ್ ಇದ್ದರೆ ಅದರಲ್ಲಿ ಹರಿಯುವುದು ಸುಮಾರು 11.5 ಆಂಪಿಯರ್ ಮಾತ್ರ. 16 ಆಂಪಿಯರಿನ ಫ್ಯೂಸು ಕರಗುವುದಿಲ್ಲ. ಗೀಸರಿನ ಕವಚ ಮಾರಕವಾಗಿಯೇ ಉಳಿಯುತ್ತದೆ. ಆದುದರಿಂದ ಅರ್ಥ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರೆರೆಯುವುದು ವಾಡಿಕೆ.

ಅಷ್ಟರಿಂದಲೇ ನಿಶ್ಚಿಂತರಾಗಬಾರದು. ಸುಮಾರು 30 ಮಿಲಿಆಂಪಿಯರ್, ಎಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು ಪ್ರವಾಹವು ದೇಹದ ಮೂಲಕ ಹರಿದರೂ ಪ್ರಾಣಕ್ಕೆ ಅಪಾಯವಾಗಬಹುದು. ಇಷ್ಟು ಅಲ್ಪವನ್ನು ಫ್ಯೂಸು ಗುರುತಿಸಲಾರದು. ಆರ್‌ಸಿಸಿಬಿ ಎಂಬ ಉಪಕರಣವು ಹೋಗುವ ಪ್ರವಾಹವನ್ನೂ ಮರಳುವ ಪ್ರವಾಹವನ್ನೂ ಸದಾ ತೂಗಿ ನೋಡುತ್ತದೆ. ವ್ಯತ್ಯಾಸವು 30 ಮಿಲಿಆಂಪಿಯರನ್ನು ಮುಟ್ಟುವಷ್ಟರಲ್ಲಿ, ಕಣ್ಣು ಮಿಟುಕಿಸುವಷ್ಟು ಹೊತ್ತಿನೊಳಗೆ ಸಂಪರ್ಕವನ್ನು ಕಡಿದುಹಾಕುತ್ತದೆ. ಅದರ ಮೇಲಿನ ಪರೀಕ್ಷಾ ಗುಂಡಿಯನ್ನು ಆಗಾಗ ಒತ್ತಿ ನೋಡುತ್ತಿರಬೇಕು.

ಬಕೆಟ್ಟಿನಲ್ಲಿ ಹೀಟರ್ ಇಳಿಸಿ ನೀರು ಕಾಯಿಸುವ ಮನೆಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತ ಬಳಿಕವೇ ನೀರಿಗೆ ಬೆರಳಿಡಬೇಕು. ತಂತಿ ಜೋಡಣೆಯ ಕೆಲಸವನ್ನು ಪರವಾನಗಿ ಪಡೆದವರಿಂದಲೇ ಮಾಡಿಸಬೇಕು.

ಹಿಂದಿನವರು ರಾತ್ರಿ ಮಲಗುವ ಮುನ್ನ ಬಚ್ಚಲೊಲೆಯ ಕೆಂಡವನ್ನು ಒಳಕ್ಕೆ ತಳ್ಳಿ, ಹತ್ತಿರದ ಸೌದೆಯನ್ನು ದೂರ ಸರಿಸಿ ಬರುತ್ತಿದ್ದರು. ಕಾಣುವ ಬೆಂಕಿಗೆ ಅವರು ತೋರಿದ ಆ ಎಚ್ಚರವನ್ನು ಕಾಣದ ಬೆಂಕಿಗೂ ತೋರಿದ ಮನೆಯಲ್ಲಿ ವಿದ್ಯುತ್ತು ಸೇವಕನಾಗಿಯೇ ಉಳಿಯುತ್ತದೆ.